ಲೇಸಿಲ್ಲದ ಬೂಟಿನ ತರ್ಕ

ಶೂ ಲೇಸು ಎಂಬುದು ಮನುಷ್ಯ ತನಗೆ ತಾನೇ ಮಾಡಿಕೊಂಡ ಅವಮಾನ. ಓದು ಬರಹ ಬಲ್ಲ, ಮತ ಹಾಕುವ ಹಕ್ಕುಳ್ಳ ವ್ಯಕ್ತಿಯೊಬ್ಬ ದಿನವೂ ತನ್ನದೇ ಪಾದಗಳ ಮುಂದೆ ತಲೆಬಾಗಿ ದಾರಕ್ಕೆ ಗಂಟು ಹಾಕುವುದೆಂದರೇನು? ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತಳಾದವಳು. ಈ ಪದ್ಧತಿಗೆ ಇಂದಿಗೂ ನನಗೊಂದು ಸಮರ್ಥನೆ ಸಿಕ್ಕಿಲ್ಲ. ಆದ್ದರಿಂದ ನಮ್ಮ ನಿವೃತ್ತ ಅಧ್ಯಾಪಕರ ಗುಂಪು ಬೆಟ್ಟ ಹತ್ತಿ ಡೇರೆಯಲ್ಲಿ ತಂಗುವುದೆಂದು ನಿಶ್ಚಯಿಸಿದಾಗ ನಾನು ಕೊಂಡದ್ದು ಲೇಸಿಲ್ಲದ ಬೂಟು. ದಪ್ಪ ತೊಗಲು, ಹಲ್ಲುಹಲ್ಲಾದ ಅಟ್ಟೆ, ಎರಡೂ ಪಕ್ಕದಲ್ಲಿ ಎಲಾಸ್ಟಿಕ್, ಹಿಂದೆ ಹಿಡಿದೆಳೆಯಲು ಒಂದು ಪಟ್ಟಿ. ನಿಂತಲ್ಲೇ ಕಾಲು ತೂರಿಸಿದರೆ ಮುಗಿಯಿತು. ನಾಗರಿಕತೆ ಇಷ್ಟು ದೂರ ಬಂದಿದೆ.

ಅದು ನಮ್ಮ ಮನೆಯ ಬಾಗಿಲವರೆಗೆ ಬಂದಿರಲಿಲ್ಲ. ನನ್ನ ಯಜಮಾನರು ಲೇಸಿನ ಭಕ್ತರು. ಸ್ಟೂಲಿನ ಮೇಲೆ ಕುಳಿತು ಗಂಟು ಹಾಕುತ್ತಾರೆ. ಎರಡೂ ಕುಣಿಕೆ ಸಮವಾಗಿವೆಯೇ ಎಂದು ನೋಡುತ್ತಾರೆ. ಬಿಚ್ಚುತ್ತಾರೆ. ಮತ್ತೆ ಹಾಕುತ್ತಾರೆ. ಅಷ್ಟರಲ್ಲಿ ತರಕಾರಿ ಅಂಗಡಿ ಮುಚ್ಚಿರುತ್ತದೆ.

“ನಾನೂ ಬರ್ಲಾ ಬೆಟ್ಟಕ್ಕೆ?” ಎಂದು ಕೇಳಿದರು.

“ನೀವು ಲೇಸು ಕಟ್ಟೋಷ್ಟರಲ್ಲಿ ನಾವು ಇಳಿದು ಬಂದಿರ್ತೀವಿ. ಮನೇಲಿರಿ.”

“ಅಲ್ಲ ಕಣೇ, ಆ ಬೂಟು...”

“ಬೂಟಿನ ವಿಷಯ ನನಗೆ ಬಿಡಿ.”

ಬಿಟ್ಟರು. ಬಿಡುವುದು ಅವರ ಸ್ವಭಾವ.

ಬೆಟ್ಟ ನನ್ನ ವಾದವನ್ನೇ ಎತ್ತಿಹಿಡಿಯಿತು. ಅರ್ಧ ದಾರಿಯಲ್ಲಿ ಭೂಗೋಳದ ಮೇಷ್ಟ್ರ ಲೇಸು ಮುಳ್ಳುಕಂಟಿಗೆ ಸಿಕ್ಕಿಕೊಂಡಿತು. ಅವರು ಅದನ್ನು ಬಿಡಿಸಿಕೊಳ್ಳುವವರೆಗೂ ನಾನು ಮೇಲಿನ ಬಂಡೆಯ ಮೇಲೆ ನಿಂತು ಲೇಸಿನ ದೋಷಗಳನ್ನು ವಿವರಿಸಿದೆ.

“ಮೇಡಂ, ನಾವು ಕೇಳಿದ್ವಾ?” ಎಂದರು.

ಕೇಳದವರಿಗೇ ಹೇಳಬೇಕಾಗುವುದು. ಕೇಳುವವರಿಗೆ ಹೇಗೂ ಗೊತ್ತಿರುತ್ತದೆ.

ನಮ್ಮ ನಾಯಕಿ ದೈಹಿಕ ಶಿಕ್ಷಣ ಕಲಿಸುತ್ತಿದ್ದವರು. ಕೊರಳಲ್ಲಿ ಈಗಲೂ ಸೀಟಿ ನೇತಾಡುವುದರಿಂದ ಎಲ್ಲರಿಗೂ ಸೀಟಿ ಮೇಡಂ. ಅವರದೊಂದು ಕಟ್ಟುನಿಟ್ಟು. ಸಂಜೆ ಡೇರೆ ತಲುಪಿದೊಡನೆ ಎಲ್ಲರೂ ಕುರ್ಚಿಗಳಲ್ಲಿ ಸಾಲಾಗಿ ಕುಳಿತು ಬರಿಗಾಲು ತೋರಿಸಬೇಕು. ಗುಳ್ಳೆ ಎದ್ದವರಿಗೆ, ಕಾಲು ತೋರಿಸದವರಿಗೆ ಮರುದಿನ ಶಿಖರವಿಲ್ಲ. ಸಾಮಾನಿನ ಜೀಪಿನಲ್ಲಿ ಕೆಳಕ್ಕೆ. ಲೇಸಿನವರೆಲ್ಲ ಶಿಖರದ ಮೇಲೆ, ನಾನು ತೊಳೆಯದ ಪಾತ್ರೆಗಳ ನಡುವೆ! ಅದು ನನಗೆ ಈ ಜನ್ಮದಲ್ಲಿ ಜೀರ್ಣವಾಗುವ ಸಂಗತಿಯಲ್ಲ.

“ಬೂಟು ತೆಗೀರಿ ಮೇಡಂ.”

“ತೆಗೀತೀನಿ. ಅವಸರ ಏನು?”

ಎಳೆದೆ. ಬರಲಿಲ್ಲ. ಇನ್ನೊಂದನ್ನು ಎಳೆದೆ. ಅದೂ ಮೊದಲನೆಯದರ ಪಕ್ಷ ಸೇರಿತು. ಭೂಗೋಳದ ಮೇಷ್ಟ್ರು ಅಂಗಿಯ ತೋಳು ಮಡಚಿಕೊಂಡು ಬಂದು ಹಿಂದಿನ ಪಟ್ಟಿ ಹಿಡಿದು ಜಗ್ಗಿದರು. ಕುರ್ಚಿಯ ಸಮೇತ ನಾನು ಮುಂದಕ್ಕೆ ಹೋದೆ. ಬೂಟು ಕಾಲಲ್ಲೇ ಉಳಿಯಿತು. ಎಳೆಯುವ ಕ್ರಮ ತಪ್ಪೆಂದು ನಾನು ವಿವರಿಸುತ್ತಿರುವಾಗಲೇ ಅವರು ಮತ್ತೊಮ್ಮೆ ಜಗ್ಗಿದರು. ಪಟ್ಟಿ ಹರಿಯಿತು. ಮೇಷ್ಟ್ರು ಪಟ್ಟಿಯೊಂದಿಗೆ ಹಿಂದಕ್ಕೆ ಹಾರಿ ಡೇರೆಯ ಗೂಟ ಕಿತ್ತರು. ಡೇರೆ ಕುಸಿಯಿತು. ಒಳಗೆ ಸ್ವೆಟರು ಹಾಕಿಕೊಳ್ಳುತ್ತಿದ್ದ ಗ್ರಂಥಪಾಲಕಿ ಬಟ್ಟೆಯಡಿಯಿಂದಲೇ, “ಭೂಕಂಪವಾ?” ಎಂದರು.

“ಅಲ್ಲ, ಬೂಟು,” ಎಂದರು ಸೀಟಿ ಮೇಡಂ. “ಕತ್ತರಿ ಕೊಡಿ ಯಾರಾದ್ರೂ.”

“ಕತ್ತರಿಸಿದ್ರೆ ನಾಳೆ ಏನು ಹಾಕ್ಕೊಂಡು ಹತ್ತಲಿ?”

“ಜೀಪಿಗೆ ಬೂಟು ಬೇಕಾಗಲ್ಲ. ಅಲ್ಲಾ, ಮನೇಲಿ ಹೇಗೆ ತೆಗೀತಿದ್ರಿ?”

ಪ್ರಶ್ನೆ ಸರಿಯಾಗಿತ್ತು. ಬೂಟು ಕಾಲಿಗೆ ಪಳಗಲೆಂದು ದಿನವೂ ಬೀದಿ ಸುತ್ತಿ ಬಂದು, ಕುರ್ಚಿಯಲ್ಲಿ ಕುಳಿತು, ಕಾಫಿ ಕುಡಿಯುತ್ತ ಯಜಮಾನರಿಗೆ ಲೇಸಿನ ಬಗ್ಗೆ ತಿಳಿಹೇಳುತ್ತಿದ್ದೆ. ಮುಗಿಸುವ ಹೊತ್ತಿಗೆ ಬೂಟುಗಳು ಬಾಗಿಲ ಬಳಿ ಇರುತ್ತಿದ್ದವು. ಅಲ್ಲಿಗೆ ಹೇಗೆ ಹೋದವೆಂದು ನಾನು ವಿಚಾರಿಸಿರಲಿಲ್ಲ. ಕಾರಣವಿಲ್ಲದೆ ಕಾರ್ಯವಿಲ್ಲವೆಂದು ವರ್ಷಗಟ್ಟಲೆ ಪಾಠ ಮಾಡಿದವಳು!

ಯಜಮಾನರಿಗೆ ಫೋನು ಮಾಡಿದೆ. ಸೀಟಿ ಮೇಡಂ ಅದನ್ನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದರು.

“ಸಾರ್, ನಿಮ್ಮ ಮನೆಯವರ ಬೂಟು ಬರ್ತಾ ಇಲ್ಲ.”

“ಅವಳು ಮಾತಾಡ್ತಾ ಇದ್ದಾಳಾ?”

“ಹೂಂ. ಬೆಳಗ್ಗೆಯಿಂದ.”

“ಹಾಗಾದ್ರೆ ಬರಲ್ಲ. ವಾದ ಮಾಡೋವಾಗ ಅವಳು ಕಾಲ್ಬೆರಳು ಮುದುರಿ ಹಿಡ್ಕೋತಾಳೆ. ಕಾಫಿ ಗುಟುಕರಿಸೋಕೆ ಅಂತ ನಿಲ್ಲಿಸ್ತಾಳಲ್ಲ, ನಾನು ಆಗ ಎಳೀತೀನಿ. ಒಂದು ಗುಟುಕಿಗೆ ಒಂದು ಬೂಟು.”

ಇದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲವೆಂದು ಹೇಳಲು ಬಾಯಿ ತೆರೆದೆ. ಬೂಟಿನೊಳಗೆ ಬೆರಳುಗಳು ಮುದುರಿಕೊಂಡದ್ದು ನನಗೇ ತಿಳಿಯಿತು. ಬಾಯಿ ಮುಚ್ಚಿದೆ. ಸೀಟಿ ಮೇಡಂ ಹಿಮ್ಮಡಿ ಹಿಡಿದು ಮೆಲ್ಲಗೆ ಎಳೆದರು. ಬೂಟು ಬಂತು. ಇನ್ನೊಂದೂ ಬಂತು. ಒಂದು ಗುಳ್ಳೆಯೂ ಇರಲಿಲ್ಲ.

“ಕಾಲು ಚೆನ್ನಾಗಿದೆ. ನಾಳೆ ಶಿಖರಕ್ಕೆ ಬರಬಹುದು,” ಎಂದರು.

ಬೆನ್ನಿನ ಮಣ್ಣು ಕೊಡವಿಕೊಳ್ಳುತ್ತಿದ್ದ ಭೂಗೋಳದ ಮೇಷ್ಟ್ರು ಫೋನಿನತ್ತ ಬಾಗಿದರು. “ಸಾರ್, ನಾಳೆ ಶಿಖರದವರೆಗೂ ಇವರನ್ನ ಹೀಗೇ ಸುಮ್ಮನಿರಿಸೋಕೆ ಏನಾದ್ರೂ ಉಪಾಯ ಇದೆಯಾ?”

“ಗೊತ್ತಿಲ್ಲ ಮೇಷ್ಟ್ರೇ,” ಎಂದರು ಯಜಮಾನರು. “ನನಗೆ ಇಷ್ಟು ವರ್ಷದಲ್ಲಿ ಎರಡು ಗುಟುಕಿಗಿಂತ ಜಾಸ್ತಿ ಸಿಕ್ಕಿಲ್ಲ.”