ನಾನು ಪಾಸು ಮಾಡಿದ ಬನ್ನಿಮರ

ಅನುಮಾನ ಪಡುವುದಕ್ಕೇ ಸಂಬಳ ಪಡೆಯುವ ಜನ ಲೋಕದಲ್ಲಿ ಕಡಿಮೆ, ನಾನು ಅವರಲ್ಲೊಬ್ಬ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸ. ಅಲ್ಲಿ ಬಿಳಿಯ ಪುಡಿಯನ್ನು ನಂಬಬಾರದು, ಸೀಸೆಯ ಮೇಲಿನ ಚೀಟಿಯನ್ನಂತೂ ನಂಬಲೇಬಾರದು. ಸಂಜೆ ಮಿಯಾಪುರದ ಮನೆಗೆ ಬಂದ ಮೇಲೂ ಈ ಚಟ ಬಿಡುವುದಿಲ್ಲ. ಹಾಲಿನವನ ಹಾಲು, ಪ್ಲಂಬರನ ‘ಐದೇ ನಿಮಿಷ’, ಎದುರುಮನೆಯವರ ನಗು, ಎಲ್ಲವನ್ನೂ ಮೂಸಿ ನೋಡುತ್ತೇನೆ. ‘ನಿಮಗೆ ನನ್ನನ್ನು ಕೊಡುವಾಗ ನಮ್ಮಪ್ಪ ಹೀಗೇ ಪರೀಕ್ಷೆ ಮಾಡಬೇಕಿತ್ತು’ ಎನ್ನುತ್ತಾಳೆ ಹೆಂಡತಿ ವನಜ. ಇಂಥ ನಾನು ಒಂದೇ ಒಂದು ವಸ್ತುವನ್ನು ಪರೀಕ್ಷಿಸದೆ ಪಾಸು ಮಾಡಿದ್ದೆ. ಅದು ನಮ್ಮ ಅಪಾರ್ಟ್‌ಮೆಂಟಿನ ಹಿಂದಿದ್ದ ಮುಳ್ಳಿನ ಮರ.

ಐದು ವರ್ಷದ ಹಿಂದೆ ನಾವು ಇಲ್ಲಿಗೆ ಬಂದ ಹೊಸತು. ಇಲ್ಲಿಯ ತೆಲುಗಿನವರು ವಿಜಯದಶಮಿಯ ಸಂಜೆ ಜಮ್ಮಿ, ಅಂದರೆ ನಮ್ಮ ಬನ್ನಿಯ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ಎಲೆ ಎಲ್ಲಿಂದ ತರುವುದೆಂಬ ಮಾತು ನಡೆದಾಗ ನಾನು ಹಿಂದಿನ ಮರ ತೋರಿಸಿ ‘ಇದೇ ಬನ್ನಿ’ ಎಂದೆ. ಸಣ್ಣ ಎಲೆ, ಮುಳ್ಳು. ಬನ್ನಿಯಾಗಲು ಇನ್ನೇನು ಬೇಕು? ದಸರೆಯ ವಿಷಯದಲ್ಲಿ ಮೈಸೂರಿನವನ ಮಾತು ಮೀರುವವರು ಯಾರು? ಅಂದಿನಿಂದ ನಾನು ‘ಮೈಸೂರು ಸಾರ್’. ಮರಕ್ಕೆ ಮೊದಲ ಕುಂಕುಮ ನನ್ನದು, ಮೊದಲ ಎಲೆ ಕೀಳುವ ಕೈಯೂ ನನ್ನದು. ಗಣೇಶನ ಹಬ್ಬದಲ್ಲಿ ಹಾಡುವವನೂ ನಾನೇ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮೈಸೂರಿನಲ್ಲಿ ನನಗೆ ಮೆರವಣಿಗೆ ನೋಡಲು ಜಾಗವೇ ಸಿಗುತ್ತಿರಲಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮೊನ್ನೆಯ ಗಾಳಿಮಳೆಗೆ ಆ ಮರ ಬುಡಸಮೇತ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಸಂಘದ ಕಾರ್ಯದರ್ಶಿ ನರಸಿಂಹಾರೆಡ್ಡಿಯವರ ಮುಂದೆ ಶರಣಮ್ಮ ನಿಂತಿದ್ದಾಳೆ. ಪಕ್ಕದ ಕಟ್ಟಡದ ಕೆಲಸಕ್ಕೆ ಯಾದಗಿರಿಯಿಂದ ಬಂದು ತಗಡಿನ ಶೆಡ್ಡಿನಲ್ಲಿರುವವಳು.

‘ಸಾಹೇಬ್ರ, ಈ ಜಾಲಿ ಕಟ್ಟಿಗಿ ನಮಗ ಕೊಡ್ರಿ. ನಮ್ಮ ಕಟ್ಟಿಗಿ ಎಲ್ಲಾ ತೊಯ್ದಾವ್ರಿ, ನಿನ್ನಿಯಿಂದ ಒಲಿ ಹಚ್ಚಿಲ್ಲ. ಜಾಲಿ ಹಸಿ ಇದ್ರೂ ಉರಿತದ್ರಿ.’

ಜಾಲಿ! ‘ಜಾಲಿಯಲ್ಲಮ್ಮ, ಬನ್ನಿ. ಪೂಜೆ ಮಾಡಿದ ಮರ, ಒಲೆಗೆ ಹಾಕಬಾರದು’ ಎಂದೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ. ರೆಡ್ಡಿಯವರು ಜಹೀರಾಬಾದಿನವರು, ಬೀದರ ಸೀಮೆಯ ಕನ್ನಡ ಬಲ್ಲವರು. ‘ಮೈಸೂರು ಸಾರ್ ಹೇಳಿದ ಮ್ಯಾಲ ಆತು. ಟ್ರ್ಯಾಕ್ಟರ್ ತರಸಿ ಕೆರಿ ದಂಡಿಗಿ ಸಾಗಸ್ತೀನಿ’ ಎಂದು ಒಳಗೆ ಹೋದರು. ಅವರ ಮೀಸೆಯಡಿ ನಗುವಿತ್ತೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಶರಣಮ್ಮನ ಮೇಲೂ ಅನುಮಾನ ಬಂತು. ಸೌದೆ ಬೇಕಾದವರು ಕಲ್ಪವೃಕ್ಷವನ್ನೂ ಜಾಲಿ ಎಂದಾರು.

ಮನೆಯಿಂದ ಭೂತಗನ್ನಡಿ ತಂದು ಐದು ವರ್ಷ ತಡವಾಗಿ ಪರೀಕ್ಷೆಗೆ ಕುಳಿತೆ. ತೊಗಟೆ ಒರಟಾಗಿ ಸೀಳಿತ್ತು. ಯಾವ ಮುದಿ ಮರದ್ದು ಸೀಳಿರುವುದಿಲ್ಲ? ಮುರಿದ ಕೊಂಬೆಯೊಳಗೆ ನಡುವಿನ ಗಟ್ಟಿ ಚೇಗು ಕೆಂಗಂದಾಗಿತ್ತು. ಅದೂ ಬಾಯಿ ಬಿಡಲಿಲ್ಲ. ಎಲೆಯ ಚಿತ್ರ ತೆಗೆದು ಫೋನನ್ನು ಕೇಳಿದರೆ ಅದು ಮೂರು ಹೆಸರು ಕೊಟ್ಟು, ಮೂರರ ಮೇಲೂ ತನಗೆ ಅನುಮಾನವಿದೆ ಎಂದಿತು.

ಶರಣಮ್ಮ ಇನ್ನೂ ಅಲ್ಲೇ ಕುಳಿತಿದ್ದಳು. ‘ಎಲಿ ಬುಡಕ್ಕ ನೋಡ್ರಿ ಯಪ್ಪಾ, ಜೋಡಿ ಮುಳ್ಳು, ಸೂಜಿಯಂಗ ಅದಾವು. ಬನ್ನಿ ಮುಳ್ಳು ಸಣ್ಣವು, ಟೊಂಗಿ ತುಂಬ ಎಲ್ಲಂದ್ರಲ್ಲಿ ಇರ್ತಾವು. ಬನ್ನಿಗಿ ನಾವೂ ಕೈ ಮುಗಿತೀವ್ರಿ. ಬನ್ನಿ ಆಗಿದ್ರ ನಾ ಕೇಳ್ತಿದ್ದಿಲ್ಲ.’

ಭೂತಗನ್ನಡಿ ಹಿಡಿದು ನೋಡಿದೆ, ಅವಳು ಹೇಳಿದ ಹಾಗೇ ಜೋಡಿ ಮುಳ್ಳು. ನನಗೆ ನಾಚಿಕೆಯಾಯಿತು. ನನ್ನ ದಸರಾ ದರ್ಬಾರು ಉಳಿಯಲೆಂದು ಒಂದು ಮನೆಯ ಒಲೆಗೆ ಅಡ್ಡ ನಿಂತಿದ್ದೆ. ನೇರವಾಗಿ ರೆಡ್ಡಿಯವರ ಮನೆಗೆ ಹೋಗಿ ‘ಅದು ಬನ್ನಿಯಲ್ಲ, ಮರವನ್ನು ಆಕೆಗೆ ಕೊಟ್ಟುಬಿಡಿ’ ಎಂದೆ.

‘ಗೊತ್ತದ ಸಾರ್,’ ಎಂದರು ಅವರು ಶಾಂತವಾಗಿ. ‘ಸರ್ಕಾರ್ ತುಮ್ಮ ಅದು, ಅಂದ್ರ ಜಾಲಿ. ಮೊದಲ್ನೇ ವರ್ಷಾನೇ ಎಲ್ಲರಿಗೂ ಗೊತ್ತದ.’

‘ಮತ್ತೆ ಹೇಳಲಿಲ್ಲ?’

‘ಬೆರಳಿಗಿ ರಕ್ತ ಬಂದ್ರೂ ನಗಕೋತ, ಜೇಬು ತುಂಬ ಎಲಿ ತಗೊಂಡು ಮನಿಮನಿಗಿ ಬಂದ್ರಿ. ಹ್ಯಾಂಗ ಹೇಳೋದು? ಅಸಲಿ ಜಮ್ಮಿ ನಾವು ಮಾರ್ಕೆಟ್ಟಿಂದ ತರ್ತೀವಿ, ನೀವು ಹ್ವಾದ ಮ್ಯಾಲ ತೆಗಿತೀವಿ.’

ಮಧ್ಯಾಹ್ನದೊಳಗೆ ಶರಣಮ್ಮನ ಶೆಡ್ಡಿನಿಂದ ಹೊಗೆಯೆದ್ದಿತು, ರೊಟ್ಟಿ ಬಡಿಯುವ ಸದ್ದೂ ಕೇಳಿತು. ನಾನು ಸಪ್ಪೆ ಮುಖ ಹೊತ್ತು ಊಟಕ್ಕೆ ಕುಳಿತು ವನಜಳನ್ನು ಕೇಳಿದೆ, ‘ನಿನಗೂ ಮೊದಲೇ ಗೊತ್ತಿತ್ತಾ?’

ಅನ್ನ ಬಡಿಸುತ್ತಿದ್ದ ಅವಳ ಕೈ ನಿಂತಿತು. ‘ಯಾವುದು? ಮರದ ವಿಷಯಾನಾ, ಗಣೇಶನ ಹಬ್ಬದಲ್ಲಿ ನೀವು ಹಾಡ್ತೀರಲ್ಲ, ಅದಾ?’