ಮಾವನಿಂದ ಕೀ ಇಸಿದುಕೊಳ್ಳುವ ಕೆಲಸ

ಯುದ್ಧದಲ್ಲಿ ಶತ್ರುಗಳಿಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ಕಾಟವನ್ನು ನಮ್ಮ ಸೋದರಮಾವ ಆರ್‌ಪಿಸಿ ಲೇಔಟಿನಲ್ಲಿ ಕೂತು ನಮಗೆ ಕೊಟ್ಟಿದ್ದಾರೆ. ಶತ್ರುಗಳಿಗಾದರೋ ಎರಡೇ ವಾರದಲ್ಲಿ ಬಿಡುಗಡೆ ಸಿಕ್ಕಿತು. ನನಗೆ ಇಪ್ಪತ್ತು ವರ್ಷವಾಯಿತು, ಕದನವಿರಾಮದ ಸುಳಿವೇ ಇಲ್ಲ!

ಮಾವ ಎಪ್ಪತ್ತೊಂದರ ಯುದ್ಧದಲ್ಲಿ ಫೈಟರ್ ವಿಮಾನ ಓಡಿಸಿದವರು. ಆಗ ಮೀಸೆ ಚಿಗುರುವ ವಯಸ್ಸು, ಈಗ ಎಂಬತ್ತರ ಹತ್ತಿರ. ವಿಮಾನ ಹೋಗಿ ಹಳೆಯ ಬಿಳಿ ಕಾರು ಬಂದಿದೆ. ಮಿಕ್ಕಿದ್ದೇನೂ ಬದಲಾಗಿಲ್ಲ.

ಪ್ರತಿ ಭಾನುವಾರ ಅವರನ್ನೂ ಅತ್ತೆಯನ್ನೂ ವಿಜಯನಗರದ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಕರೆದುಕೊಂಡು ಹೋಗುವುದು ಎಂದರೆ ಏನು? ಓಡಿಸುವವರು ಮಾವ, ಜೀವ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಕೂರುವವನು ನಾನು. ಹೊರಡುವ ಮೊದಲು ಅವರು ಕಾರಿನ ಸುತ್ತ ಒಂದು ಸುತ್ತು ಬರುತ್ತಾರೆ. ಟೈರನ್ನು ಒದೆಯುತ್ತಾರೆ, ಬಾನೆಟ್ ತಟ್ಟುತ್ತಾರೆ, ಅಡಿಯಲ್ಲಿ ನಾಯಿ ಮಲಗಿದೆಯೇ ಎಂದು ಬಗ್ಗಿ ನೋಡುತ್ತಾರೆ. ಇದನ್ನು ಪ್ರದಕ್ಷಿಣೆ ಎಂದುಕೊಂಡ ಹೂವಿನ ಆಂಟಿ ಒಮ್ಮೆ ಬಾನೆಟ್ ಮೇಲೆ ಒಂದು ಮೊಳ ಸೇವಂತಿಗೆ ಇಟ್ಟು ಕೈಮುಗಿದು ಹೋದಳು! ಆಮೇಲೆ ನಾನು ಪಟ್ಟಿ ಓದಬೇಕು.

"ಬ್ರೇಕು?"

"ಇದೆ."

"ಕನ್ನಡಿ?"

"ಇದೆ."

"ಅತ್ತೆ?"

"ಇನ್ನೂ ಸೀರೆ ಉಡ್ತಾ ಇದಾಳೆ. ಹಾರಾಟ ಮುಂದಕ್ಕೆ."

ಮಾರ್ಕೆಟ್ಟಿಗೆ ಹೋಗಿ ಬರುವುದಕ್ಕಿಂತ ಅದಾದ ಮೇಲಿನ ಸಭೆ ದೊಡ್ಡದು. ವಾಯುಪಡೆಯಲ್ಲಿ ಪ್ರತಿ ಹಾರಾಟದ ನಂತರ ಪೈಲಟ್‌ಗಳು ಕೂತು ತಪ್ಪೊಪ್ಪುಗಳನ್ನು ಮಾತಾಡುತ್ತಾರಂತೆ. ಅಲ್ಲಿ ದೊಡ್ಡವರು ಚಿಕ್ಕವರು ಎಂಬುದಿಲ್ಲ. ಇನ್ನೊಬ್ಬರು ಹೇಳುವ ಮೊದಲು ನಮ್ಮ ತಪ್ಪನ್ನು ನಾವೇ ಹೇಳಬೇಕು, ನೆಪ ಹೇಳಬಾರದು. ಮಾವ ಇದನ್ನು ಊಟದ ಟೇಬಲ್ಲಿಗೆ ತಂದಿದ್ದಾರೆ. ಉಪ್ಪಿನ ಡಬ್ಬಿ ಬಿಎಂಟಿಸಿ ಬಸ್ಸು, ನಿಂಬೆಹಣ್ಣು ಆಟೊ, ಚಮಚ ನಮ್ಮ ಕಾರು. ಒಂದು ಭಾನುವಾರ ಅತ್ತೆಯ ಸರದಿ ಬಂತು.

"ನನ್ನ ತಪ್ಪು ಅಂದ್ರೆ ನಿಮ್ಮನ್ನ ಮದುವೆ ಆಗಿದ್ದು ಕಣ್ರೀ."

ಮಾವ ಗಂಭೀರವಾಗಿ ತಲೆದೂಗಿದರು. "ದಾಖಲಾಯ್ತು. ಮುಂದೆ?"

ನಿವೃತ್ತಿಯಾದ ಮೇಲೆ ಅವರು ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿದ್ದರು. ಅಲ್ಲೂ ಪ್ರತಿ ಶಿಫ್ಟು ಮುಗಿದ ಮೇಲೆ ಈ ಸಭೆ. ಆರೇ ತಿಂಗಳು! ಒಂದು ದಿನ ಮಾಲೀಕನೇ ಎದ್ದು ನಿಂತು, "ನನ್ನ ತಪ್ಪು ಸಾರ್, ನಿಮ್ಮನ್ನ ಕೆಲಸಕ್ಕೆ ತಗೊಂಡಿದ್ದು," ಎಂದು ಒಪ್ಪಿಕೊಂಡನಂತೆ. ಇದು ನಿಜವೋ, ಅತ್ತೆಯ ಮಾತಿಗೆ ಕಾಲು ಜೋಡಿಸಿ ನಾನೇ ಕಟ್ಟಿದ್ದೋ, ಈಗ ನನಗೆ ಖಾತ್ರಿಯಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು, ನೆನಪನ್ನು ನಂಬಬಾರದು ಎಂದು ಗೊತ್ತು. ಮಾವನ ಯುದ್ಧದ ಕತೆಯನ್ನು ಡೈರಿಯಲ್ಲಿ ಮೂರು ಸಲ ಬರೆದುಕೊಂಡಿದ್ದೇನೆ. ಒಂದರಲ್ಲಿ ಅವರು ತೆಂಗಿನ ಮರದೆತ್ತರದಲ್ಲಿ ಹಾರಿದರು, ಇನ್ನೊಂದರಲ್ಲಿ ಕಬ್ಬಿನ ಗದ್ದೆಯೆತ್ತರದಲ್ಲಿ, ಮೂರನೆಯದರಲ್ಲಿ ಹಾರಲೇ ಇಲ್ಲ, ಮಂಜು ಕವಿದಿತ್ತು. "ಯಾವುದು ನಿಜ ಮಾವ?" ಎಂದು ಕೇಳಿದೆ.

"ಮೂರೂ ನಿಜ ಕಣೋ. ಯುದ್ಧ ಏನು ಒಂದೇ ದಿನ ನಡೀತಾ?"

ನಾಲ್ಕು ತಿಂಗಳ ಹಿಂದೆ ಕಣ್ಣಿನ ಡಾಕ್ಟರು, ಮಾವನ ನೋಟ ಅಂಚಿನಿಂದ ಒಳಕ್ಕೆ ಮಬ್ಬಾಗುತ್ತಿದೆ, ಎದುರಿನದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಕಾರು ಓಡಿಸುವುದನ್ನು ನಿಲ್ಲಿಸಿದರೆ ಒಳ್ಳೆಯದು ಎಂದರು. ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಮಾವ ಮಡಚಿ ಜೇಬಿಗಿಟ್ಟರು. ದಾವಣಗೆರೆಯಿಂದ ಅವರ ಮಗಳ ಫೋನು ನನಗೆ ಬಂತು. "ಭಾವ, ಅಪ್ಪನ ಹತ್ರ ಕೀ ಇಸ್ಕೊ. ಅವರು ಯಾರಿಗಾದ್ರೂ ಗುದ್ದಿದ್ರೆ ಏನ್ ಗತಿ? ನಿನ್ನ ಮಾತು ಕೇಳ್ತಾರೆ."

ನನ್ನ ಮಾತು! ಯಾವ ಜನ್ಮದಲ್ಲಿ?

ಆದರೂ ಪ್ರಯತ್ನಪಟ್ಟೆ. "ಟ್ರಾಫಿಕ್ ವಿಪರೀತ ಆಯ್ತು ಮಾವ," ಎಂದೆ. "ಹೌದು ಕಣೋ, ಯಾರಿಗೂ ಓಡಿಸೋಕೇ ಬರಲ್ಲ," ಎಂದು ಒಪ್ಪಿದರು. ಇನ್ನೊಮ್ಮೆ ಟ್ಯಾಕ್ಸಿ ಬುಕ್ ಮಾಡಿಕೊಟ್ಟೆ. ಡ್ರೈವರು ಬಾಗಲಕೋಟೆ ಕಡೆಯ ಹುಡುಗ. ಮಾವ ಅವನಿಗೆ ಎಷ್ಟು ವರ್ಷದ ಅನುಭವ, ರಾತ್ರಿ ಎಷ್ಟು ಗಂಟೆ ನಿದ್ದೆ, ಬೆಳಿಗ್ಗೆ ಏನು ತಿಂದೆ ಎಂದು ಕಿಟಕಿಯಲ್ಲೇ ಸಂದರ್ಶನ ನಡೆಸಿದರು. ಅವನು, "ಯಜ್ಜಾ, ನೀವು ಗಾಡಿ ಹತ್ತಾವ್ರೋ, ಹೆಣ್ಣು ಕೊಡಾವ್ರೋ?" ಎಂದು ಟ್ರಿಪ್ಪನ್ನೇ ಕ್ಯಾನ್ಸಲ್ ಮಾಡಿ ಹೋದ. ನನಗೂ ಸಾಕಾಗಿತ್ತು. ಈ ಭಾನುವಾರ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಭಾಷಣ ಬರೆದಿಟ್ಟುಕೊಂಡೆ.

ಆ ಭಾನುವಾರ, ಮಾರ್ಕೆಟ್ಟಿನಿಂದ ಬರುವಾಗ ಮೆಟ್ರೋ ಕಂಬದ ಹತ್ತಿರ, ಎಡಗಡೆಯಿಂದ ಒಬ್ಬ ಹೆಂಗಸು ರಸ್ತೆಗಿಳಿದಳು. ನಾನು ಕಿರುಚಿದೆ. ಅವಳೇ ಹಿಂದಕ್ಕೆ ಹಾರಿದಳು. ಕೈಚೀಲ ಬಿದ್ದು ಟೊಮೆಟೊ ಉರುಳಿದವು. "ಏನ್ ತಾತ, ಕಣ್ ಕಾಣ್ಸಲ್ವಾ?" ಎಂದು ಬೈದಳು. ಮಾವ ಇಳಿದು ಟೊಮೆಟೊ ಆರಿಸಿಕೊಟ್ಟು ಕೈಮುಗಿದರು.

ಮನೆಗೆ ಬಂದು ಟೇಬಲ್ಲಿಗೆ ಕೂತೆವು. ಮಾವ ಚಮಚ ಇಟ್ಟರು, ಉಪ್ಪಿನ ಡಬ್ಬಿ ಇಟ್ಟರು. ನಿಂಬೆಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತರು.

"ಆ ಹೆಣ್ಮಗಳನ್ನ ಎಲ್ಲಿಡೋದು?" ಎಂದರು. "ಎಲ್ಲಿಂದ ಬಂದ್ಳೋ ನನಗೆ ಗೊತ್ತಿಲ್ಲ. ಅವಳು ನನ್ನ ನೋಡಿದ್ಳು. ನಾನು ಅವಳನ್ನ ನೋಡ್ಲೇ ಇಲ್ಲ. ತಪ್ಪು ನಂದು."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾವ ಕೀಯನ್ನು ಚಮಚದ ಪಕ್ಕದಲ್ಲಿಟ್ಟು ನನ್ನ ಕಡೆ ತಳ್ಳಿದರು.

"ಇವತ್ತೇ ತಗೊಂಡ್ಹೋಗು. ಕಣ್ಣೆದುರಿಗಿದ್ರೆ ನಾಳೆ ಓಡಿಸಿಬಿಡ್ತೀನಿ."

ನನ್ನ ಭಾಷಣ ಜೇಬಿನಲ್ಲೇ ಉಳಿಯಿತು. ಗೆದ್ದವನ ಹಗುರ ಎಲ್ಲಿ ಹೋಯಿತೋ.

ಕೆಳಗಿಳಿದು ಬಾಗಿಲು ತೆಗೆದು ಡ್ರೈವರ್ ಸೀಟಿಗೆ ಕಾಲಿಟ್ಟೆ. ಮಂಡಿ ಸ್ಟೀರಿಂಗಿಗೆ ಹೊಡೆಯಿತು. ಮಾವ ಆರಡಿ ಆಳು, ನಾನು ಐದೂಕಾಲು. ಸೀಟು ನನಗೆ ದೂರವಾಗಬೇಕಿತ್ತು. ಅದನ್ನು ಎಷ್ಟು ಸಾಧ್ಯವೋ ಅಷ್ಟೂ ಮುಂದಕ್ಕೆ ಎಳೆದಿದ್ದರು, ಬೆನ್ನಿಗೆ ಎರಡು ದಿಂಬು ಬೇರೆ. ತಿಂಗಳಿಂದ ತಿಂಗಳಿಗೆ, ಸೀಟಿನ ಕಂಬಿಯ ಒಂದೊಂದೇ ಹಲ್ಲಿನಷ್ಟು ಮುಂದೆ ಸರಿದು, ಅವರು ಗಾಜಿಗೆ ಮುಖ ಕೊಟ್ಟು ರಸ್ತೆಯನ್ನು ಹುಡುಕುತ್ತಿದ್ದರು. ಪಕ್ಕದಲ್ಲೇ ಕೂತಿದ್ದ ನಾನು ಒಮ್ಮೆಯೂ ನೋಡಿರಲಿಲ್ಲ. ನನ್ನ ಕಣ್ಣೆಲ್ಲ ನನ್ನ ಪ್ರಾಣದ ಮೇಲಿತ್ತು.

ಸೀಟನ್ನು ಹಿಂದೆ ತಳ್ಳಲು ಕೈ ಹಾಕಿದೆ. ಮನಸ್ಸು ಬರಲಿಲ್ಲ. ಬಸವೇಶ್ವರನಗರದ ನನ್ನ ಮನೆಯವರೆಗೂ ಮಂಡಿ ಮಡಚಿಕೊಂಡೇ, ಎದೆಗೆ ಸ್ಟೀರಿಂಗ್ ತಾಗಿಸಿಕೊಂಡೇ, ಮೆಲ್ಲಗೆ ಓಡಿಸಿಕೊಂಡು ಹೋದೆ.