ಮಾಪಣ್ಣನ ಧರಣಿ, ಸಾಹೇಬರ ಬೈಠಕ್

ಪಾಲಿಕೆಯ ಸದಸ್ಯರಾದ ನಗರಸೇವಕರಿಗೆ ಕೊಡುವ ಮಾನಧನ ಐದೇ ನಿಮಿಷದಲ್ಲಿ ಹೆಚ್ಚಾಯಿತೆಂಬ ಸುದ್ದಿಯನ್ನು ಕುಶಲ ಶೆಟ್ಟರು ಓದದೇ ಇದ್ದಿದ್ದರೆ ಮಾಪಣ್ಣನ ಆ ದಿನ ಎಂದಿನಂತೆ ಕಳೆದುಹೋಗುತ್ತಿತ್ತು. ಶೆಟ್ಟರು ಘೋಡಬಂದರ್ ರಸ್ತೆಯ ವಸತಿ ಸೊಸೈಟಿಯೊಂದರ ಸೆಕ್ರೆಟರಿ. ಮಾಪಣ್ಣ ಪಾಲಿಕೆಯ ಗುತ್ತಿಗೆ ಚಾವಿವಾಲಾ; ಆಳೆತ್ತರದ ಕಬ್ಬಿಣದ ಚಾವಿ ತಿರುಗಿಸಿ ಆ ಭಾಗಕ್ಕೆಲ್ಲ ನೀರು ಬಿಡುವುದು ಅವನ ಕೆಲಸ. ಪಗಾರ ಹೆಚ್ಚಿಸಿರೆಂದು ಅವನು ಕೊಟ್ಟ ಅರ್ಜಿ ಮೂರು ವರ್ಷದಿಂದ ಆಫೀಸಿನಲ್ಲಿ ಹಾಯಾಗಿ ಮಲಗಿತ್ತು.

"ಎಂತ ಅನ್ಯಾಯ ಮಾರಾಯ! ಅವರಿಗೆ ಐದು ನಿಮಿಷ, ನಿನಗೆ ಮೂರು ವರ್ಷವಾ? ಇವತ್ತು ಚಾವಿ ಮುಟ್ಟಬೇಡ, ಧರಣಿ ಕೂರು. ನಾವೆಲ್ಲ ಇದ್ದೇವಲ್ಲ!" ಎಂದರು ಶೆಟ್ಟರು.

"ಬ್ಯಾಡ್ರಿ ಶೆಟ್ರ. ಒಂದ್ ದಿನದ ಪಗಾರ ಹೋತಂದ್ರ ಸಾಬವ್ವ ನನ್ನ ಮನಿಯಾಗ ಸೇರ್ಸಂಗಿಲ್ಲ."

ಸಾಬವ್ವ ಅವನ ಹೆಂಡತಿ. ಅವಳು ಹೇಳಿದ್ದನ್ನು ಮಾಡುವವಳು. ಆದರೆ ಶೆಟ್ಟರು ಆಗಲೇ ಗೇಟಿನ ಬಳಿ ಚಾಪೆ ಹಾಸಿಬಿಟ್ಟಿದ್ದರು. ಬಲವಂತಕ್ಕೆ ಹಸೆಮಣೆ ಏರಿದ ಮದುಮಗನ ಹಾಗೆ ಮಾಪಣ್ಣ ಕುಳಿತ.

ಮೊದಲ ಒಂದು ಗಂಟೆ ಚಹಾ ಬಂತು, ವಡಾಪಾವ್ ಬಂತು, ಘೋಷಣೆಗಳೂ ಬಂದವು. ಹತ್ತು ಗಂಟೆಗೆ ಸೊಸೈಟಿಯ ನೀರಿನ ಟಾಕಿ ಖಾಲಿಯಾಯಿತು. ಮುಖದ ತುಂಬ ಸೋಪು ಮೆತ್ತಿಕೊಂಡ ಶೆಟ್ಟರು ಟವೆಲಿನಲ್ಲೇ ಓಡಿಬಂದರು.

"ಧರಣಿ ಬೇಡ ಅಂತ ನಾನು ಹೇಳುವುದಿಲ್ಲ. ನೀರು ಬಿಟ್ಟು ಮಾಡು ಮಾರಾಯ!"

"ನೀರು ಬಿಟ್ರ ನಾ ಕುಂತೀನೋ ಎದ್ದೀನೋ, ಯಾರ್ ಕೇಳ್ತಾರ್ರಿ?"

ಅಷ್ಟು ಹೇಳಿದನೇ ಹೊರತು ಅವನಿಗೂ ಸಮಾಧಾನವಿರಲಿಲ್ಲ. ಎದ್ದ, ಕೂತ, ಫೋನು ನೋಡಿದ, ಮತ್ತೆ ಎದ್ದ. ಕೈ ಚಾವಿಗಾಗಿ ಚಡಪಡಿಸುತ್ತಿತ್ತು. ಮೂರನೇ ಮಹಡಿಯಿಂದ ಜಯಲತಾ ಮುಸುರೆ ಪಾತ್ರೆ ಬಡಿಯುತ್ತ ಅವನ ಏಳು ತಲೆಮಾರನ್ನು ವಿಚಾರಿಸಿಕೊಂಡಳು. ಕೊನೆಗೆ ಶೆಟ್ಟರೇ ನಗರಸೇವಕ ಅಭಿಜಿತ್ ಸಾಹೇಬರಿಗೆ ಫೋನು ಮಾಡಿದರು.

ಸಾಹೇಬರು ಟ್ಯಾಂಕರಿನ ಜೊತೆಗೇ ಬಂದರು. ಬೆಳಿಗ್ಗೆ ಅವರ ಮಾನಧನಕ್ಕೆ ಬೈದ ಬಾಯಿಗಳೇ ಈಗ ಜೈಕಾರ ಹಾಕಿದವು. ಬಿಳಿ ಪ್ಯಾಂಟಿನ ಇಸ್ತ್ರಿಯನ್ನೂ ಲೆಕ್ಕಿಸದೆ ಅವರು ಅದೇ ಚಾಪೆಯ ಮೇಲೆ ಮಾಪಣ್ಣನ ಪಕ್ಕ ಕುಳಿತು ಅವನ ಹೆಗಲ ಮೇಲೆ ಕೈಯಿಟ್ಟರು.

"ತುಮ್ಹಾರಾ ದುಃಖ್ ಮೇರಾ ದುಃಖ್."

ಇಪ್ಪತ್ತು ನಿಮಿಷ ಅವನ ಕಷ್ಟವನ್ನೆಲ್ಲ ಕೇಳಿದರು. ಅವರ ಪಿಎ ಮರಾಠಿಯಲ್ಲಿ ಏನೋ ಬರೆದು ಸಹಿಗೆ ಮುಂದೆ ಹಿಡಿದ.

"ಏನ್ರಿ ಇದು?"

"ಸಾಹೇಬರು ನಿನ್ನ ಜೊತೆ ಕೂತು ಮಾತಾಡಿದರು ಅಂತ ಉಂಟು, ಹಾಕು," ಎಂದರು ಶೆಟ್ಟರು ಕಣ್ಣಾಡಿಸಿ.

ತನ್ನ ಮಾತೂ ಕಾಗದಕ್ಕೆ ಏರಿತಲ್ಲ ಎಂದು ಮಾಪಣ್ಣನ ಕಣ್ಣು ತುಂಬಿ ಬಂತು. ಸಹಿ ಹಾಕಿದವನೇ ಓಡಿಹೋಗಿ ನೀರು ಬಿಟ್ಟ.

ನಾಲ್ಕು ಗಂಟೆಗೆ ಆಫೀಸಿನಿಂದ ಕರೆ ಬಂತು. ಸೂಪರ್‌ವೈಸರ್ ಗುರುನಾಥ ವಿಜಯಪುರದವನು. ಅದೇ ಕಾಗದ ಅವನ ಮೇಜಿನ ಮೇಲಿತ್ತು.

"ಇವತ್ತಿನ ನಿನ್ನ ಪಗಾರ ಕಟ್."

"ಯಾಕ್ರಿ ಸರ? ಸಾಹೇಬ್ರ ಬಂದು ಮಾತಾಡ್ಯಾರಲ್ರಿ!"

"ಅದರದ ಕಾಗದ ಇದು. ಡ್ಯೂಟಿ ಬಿಟ್ಟು ಚಾಪಿ ಮ್ಯಾಲ ಕುಂತಿದ್ದೆ ಅಂತ ನೀನ ಸಹಿ ಹಾಕೀದಿ. ಸಾಹೇಬ್ರು ಕುಂತು ಮೀಟಿಂಗ್ ಮಾಡಿದ್ದಕ್ಕ ಅವರ ಬೈಠಕ್ ಭತ್ಯೆ ಪಾಸಾಗೇತಿ."

"ಇಬ್ರೂ ಒಂದ ಚಾಪಿ ಮ್ಯಾಲ ಕುಂತಿದ್ವಲ್ರಿ!"

"ಅವ್ರು ಕುಂತ್ರ ಅದು ಕೆಲಸ. ನೀ ಕುಂತ್ರ ಗೈರುಹಾಜರಿ."

"ಮತ್ತ ನನ್ನ ಅರ್ಜಿ?"

"ಮುಂದಿನ ಬೈಠಕ್‌ಗೆ ಇಟ್ಟಾರ."

ಅಷ್ಟರಲ್ಲಿ ಗುರುನಾಥನ ಫೋನು ರಿಂಗಾಯಿತು. ಎದ್ದು ನಿಂತು "ಹೋ ಸಾಹೇಬ್, ಹೋ" ಎಂದವನು ಫೋನಿಗೆ ಕೈ ಅಡ್ಡ ಹಿಡಿದು ಮಾಪಣ್ಣನ ಕಡೆ ಬಾಗಿದ.

"ಸಾಹೇಬ್ರು ಕೇಳಾಕತ್ತಾರ, ನಾಳೆ ಎಷ್ಟ ಗಂಟೆಕ್ಕ ಚಾಪಿ ಮ್ಯಾಲ ಕೂಡ್ತಿ ಅಂತ."